ಕಿಯಾಂತಿಯ ಗುಡ್ಡಗಳ ದಾರಿ: ಆ ಚೆಲುವು ಯಾರ ದುಡಿಮೆ?

ಪರದೇಶಕ್ಕೆ ಹೋದ ನಮ್ಮ ಕಡೆಯ ಹುಡುಗರು ಈಗ ಮೊಬೈಲಿನಲ್ಲಿ ಚಿತ್ರ ಕಳಿಸುತ್ತಾರೆ. ಅವುಗಳಲ್ಲಿ ಒಂದು ಬಗೆಯ ಚಿತ್ರವನ್ನು ನೀವೂ ನೋಡಿರಬಹುದು. ಏರಿಳಿಯುವ ಗುಡ್ಡಗಳು, ಗುಡ್ಡದ ಮೈಮೇಲೆ ಹಣಿಗೆಯಿಂದ ಬಾಚಿದಂತೆ ದ್ರಾಕ್ಷಿಯ ಸಾಲುಗಳು, ನಡುವೆ ಸುತ್ತಿ ಸುಳಿದು ಹೋಗುವ ದಾರಿ, ದಾರಿಯ ತುದಿಗೆ ಒಂದು ಕಲ್ಲಿನ ಮನೆ, ಮನೆಯ ಮಗ್ಗುಲಿಗೆ ಸೈಪ್ರೆಸ್ ಎಂಬ ನೆಟ್ಟನೆಯ ಕಪ್ಪುಹಸಿರು ಮರಗಳು. ಅದು ಇಟಲಿ ದೇಶದ ತೊಸ್ಕಾನಾ ಪ್ರಾಂತ. ಕೈಯಲ್ಲಿ ಹಣವುಳ್ಳವರು ಅಲ್ಲಿ ಬಾಡಿಗೆಯ ಮೋಟಾರು ಹಿಡಿದು ನಾಲ್ಕೆಂಟು ದಿನ ಆ ದಾರಿಯಲ್ಲಿ ಸುತ್ತುತ್ತಾರೆ. ಯಾವ ಕೆಲಸಕ್ಕೂ ಅಲ್ಲ, ಬರಿಯ ನೋಡುವದಕ್ಕೆ. ನೋಡಿ ದಣಿದ ಮೇಲೆ, ದೇವರು ಈ ನಾಡಿಗೆ ಎಂಥ ಚೆಲುವು ಕೊಟ್ಟನೆಂದು ಬೆರಗಾಗುತ್ತಾರೆ.

ಈ ಮಾತನ್ನು ನಾವು ಅರ್ಧ ಮಾತ್ರ ಒಪ್ಪುತ್ತೇವೆ. ದೇವರು ಕೊಟ್ಟದ್ದು ಕಲ್ಲುಗುಡ್ಡ ಮತ್ತು ಮಳೆ. ಉಳಿದದ್ದೆಲ್ಲ ಒಕ್ಕಲಿಗನು ಮಾಡಿದ್ದು. ಅಷ್ಟೇ ಅಲ್ಲ, ಒಂದು ಕಾಲಕ್ಕೆ ಆ ಒಕ್ಕಲಿಗನಿಗೆ ಹೊಟ್ಟೆತುಂಬ ಸಿಗದೆ ಅವನು ಗುಡ್ಡ ಬಿಟ್ಟು ಇಳಿದುಹೋದಾಗ ಆ ಚೆಲುವೂ ಅವನ ಬೆನ್ನು ಹತ್ತಿ ಹೋಗತೊಡಗಿತ್ತು. ಅದು ಹೇಗೆ ಹೋಯಿತು, ಹೇಗೆ ತಿರುಗಿ ಬಂದಿತು, ಬಂದ ಮೇಲೆ ಯಾರ ಪಾಲಾಯಿತು ಎಂಬುದು ಜತ್ತ, ಅಕ್ಕಲಕೋಟೆ, ಸೋಲಾಪುರ ಕಡೆಯ ದ್ರಾಕ್ಷಿ ತೋಟಗಾರರಾದ ನಾವು ತಿಳಿದುಕೊಳ್ಳಬೇಕಾದ ಸಂಗತಿಯೆಂದು ಈ ಪುಟದಲ್ಲಿ ಬರೆಯುತ್ತಿದ್ದೇವೆ.

ಬನ್ನಿರಿ, ಟಿಕೀಟು ಬೇಡ, ಪಾಸಪೋರ್ಟು ಬೇಡ. ಕಾಗದದ ಮೇಲೆಯೇ ಒಮ್ಮೆ ಹೋಗಿ ಬರೋಣ.

ಗ್ರೇವೆಯ ಸಂತೆ, ಗುಡ್ಡದ ಒಡ್ಡು

ಫ್ಲಾರೆನ್ಸ್ ನಗರದಿಂದ ದಕ್ಷಿಣಕ್ಕೆ ಸಿಯೆನಾ ನಗರದವರೆಗೆ ಹೋಗುವ ಹಳೆಯ ದಾರಿಗೆ ಸರಕಾರಿ ನಂಬರು 222. ಜನರು ಕರೆಯುವದು ಕಿಯಾಂತಿಜಾನಾ ಎಂದು. ಉದ್ದ ಸುಮಾರು 70 ಕಿಲೋಮೀಟರು. ಸೋಲಾಪುರದಿಂದ ಅಕ್ಕಲಕೋಟೆಗೆ ಹೋಗಿ ತಿರುಗಿ ಬಂದಷ್ಟು. ಈ ಎರಡೂ ನಗರಗಳ ನಡುವೆ ಬೇಗ ಮುಟ್ಟಿಸುವ ಹೊಸ ಹೆದ್ದಾರಿಯೂ ಇದೆ. ಕೆಲಸವಿದ್ದವರು ಅದರಲ್ಲಿ ಹೋಗುತ್ತಾರೆ. ನೋಡುವವರು ಈ ತಿರುವಿನ ದಾರಿ ಹಿಡಿಯುತ್ತಾರೆ.

ಮೊದಲ ದೊಡ್ಡ ಊರು ಗ್ರೇವೆ. ಅಲ್ಲಿಯ ಚೌಕವು ಚೌಕವಲ್ಲ, ಮೂರು ಮೂಲೆಯದು. ಸುತ್ತಲೂ ಕಮಾನಿನ ಪಡಸಾಲೆ. ಶನಿವಾರ ಸಂತೆ. ಗುಡ್ಡದ ಮೇಲಿನ ಕೋಟೆಯೂರುಗಳ ಜನ ಕೆಳಗಿಳಿದು ಬಂದು ಕೊಟ್ಟು ಕೊಳ್ಳುವದಕ್ಕಾಗಿ ಹುಟ್ಟಿದ ಪೇಟೆಯೂರು ಅದು. ಚೌಕದ ನಡುವೆ ವೆರಾತ್ಸಾನೋ ಎಂಬ ನಾವಿಕನ ಪ್ರತಿಮೆಯಿದೆ. 1524ರಲ್ಲಿ ಇಂದಿನ ನ್ಯೂಯಾರ್ಕ್ ಬಂದರಿನ ಬಾಯಿಗೆ ಹಡಗು ತಂದವನು ಆತ.

ಊರು ದಾಟಿ ಮೇಲೇರಿದರೆ ನೆಲ ಕಾಣುತ್ತದೆ. ನೆಲವೆಂದರೆ ನಮ್ಮ ಎರೆಯಂಥದಲ್ಲ. ಗಾಲೆಸ್ತ್ರೋ ಎಂದು ಅವರು ಕರೆಯುವ, ಪದರುಪದರಾಗಿ ಒಡೆಯುವ ಕಲ್ಲು. ಇಲ್ಲವೆ ಅಲ್ಬೆರೇಸೆ ಎಂಬ ಗಟ್ಟಿ ಸುಣ್ಣಗಲ್ಲು. ಮಡ್ಡಿ ಭೂಮಿ ಕಂಡವರಿಗೆ ಇದರ ಗುಣ ಬೇರೆ ಹೇಳಬೇಕಾಗಿಲ್ಲ. ನೀರು ನಿಲ್ಲುವದಿಲ್ಲ, ಜೋಳ ಹುಲುಸಾಗುವದಿಲ್ಲ. ಆದರೆ ದ್ರಾಕ್ಷಿಯ ಬೇರು ಬಿರುಕು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಉಳುವಾಗ ಎದ್ದ ಕಲ್ಲನ್ನು ಒಕ್ಕಲಿಗನು ಆರಿಸಿ, ಗುಡ್ಡಕ್ಕೆ ಅಡ್ಡಲಾಗಿ ಸುಣ್ಣ ಮಣ್ಣಿಲ್ಲದೆ ಒಣಗಲ್ಲಿನ ಒಡ್ಡು ಹಾಕಿದನು. ಒಡ್ಡಿನ ಹಿಂದೆ ಮಣ್ಣು ನಿಂತಿತು, ಮಣ್ಣಿನಲ್ಲಿ ಬಳ್ಳಿ ನಿಂತಿತು. ಗ್ರೇವೆಯ ಮೇಲಿರುವ ಲಾಮೋಲೆ ಎಂಬ ಹಳ್ಳಿಯಲ್ಲಿ ಇಂಥ ಪಾವಟಿಗೆಯ ಹೊಲಗಳನ್ನು ಈಗಲೂ ನೋಡಬಹುದು. ಇಟಲಿಯೂ ಕೂಡಿ ಎಂಟು ದೇಶಗಳ ಈ ಒಣಗಲ್ಲಿನ ಕಟ್ಟಡದ ವಿದ್ಯೆಯನ್ನು ಯುನೆಸ್ಕೋ ಸಂಸ್ಥೆಯು 2018ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಹೊಲಗಳ ಒಡ್ಡು ಹಾಕಿದ ಮುದುಕರಿಗೆ ಯಾರೂ ಹಾರ ಹಾಕಿಲ್ಲ. ಅವರ ಕೈಯಲ್ಲಿದ್ದುದೂ ಇದೇ ವಿದ್ಯೆ.

ಇನ್ನೊಂದು ಸಂಗತಿ ಕೇಳಿದರೆ ಸೋಜಿಗವೆನಿಸೀತು. ಈ ಕಿಯಾಂತಿ ಸೀಮೆಯ ವಿಸ್ತಾರ ಸುಮಾರು 70,000 ಹೆಕ್ಟೇರು. ಲೋಕಪ್ರಸಿದ್ಧವಾದ ದ್ರಾಕ್ಷಿ ಅದರಲ್ಲಿ ಹತ್ತಕ್ಕೊಂದು ಪಾಲು ಮಾತ್ರ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಕಾಡು. ಆ ಕಾಡಿನಲ್ಲಿ ಒಂದಷ್ಟು ಹಿಂದೆ ಹೊಲವಾಗಿದ್ದುದು. ಒಕ್ಕಲಿಗನು ಕೈಬಿಟ್ಟ ಮೇಲೆ ಕಂಟಿ ಬೆಳೆದು ಕಾಡಾಯಿತು. ಅದರೊಳಗಿನ ಕಾಡುಹಂದಿ ಈಗ ಹಣ್ಣು ತಿನ್ನಲು ಬರುತ್ತದೆಂದು ತೋಟಕ್ಕೆ ಬೇಲಿ ಹಾಕಬೇಕಾಗಿದೆ.

ಅರ್ಧ ಪಾಲಿನ ಒಕ್ಕಲುತನ

ದಾರಿಯುದ್ದಕ್ಕೂ ದಿನ್ನೆಗೊಂದು ಒಂಟಿ ಕಲ್ಲಿನ ಮನೆ ಕಾಣುತ್ತದೆ. ನಮ್ಮಲ್ಲಿ ಊರು ಒಂದು ಕಡೆ, ಹೊಲ ಒಂದು ಕಡೆ. ಅಲ್ಲಿ ಒಕ್ಕಲಿಗನ ಮನೆ ಹೊಲದ ನಡುವೆ. ಇದಕ್ಕೆ ಕಾರಣ ಅಲ್ಲಿಯ ಕೋರಿನ ಪದ್ಧತಿ. ಅದನ್ನು ಅವರು ಮೆಝಾದ್ರಿಯಾ ಎನ್ನುತ್ತಿದ್ದರು. ಅರ್ಧ ಎಂಬ ಅರ್ಥವು ಹೆಸರಿನಲ್ಲೇ ಇದೆ. ನೆಲ ಮತ್ತು ಮನೆ ಒಡೆಯನವು, ದುಡಿಮೆ ಒಕ್ಕಲಿಗನ ಇಡೀ ಕುಟುಂಬದ್ದು, ಬೆಳೆ ಇಬ್ಬರಿಗೂ ಅರ್ಧರ್ಧ. ಹೀಗೆ ಆರೇಳು ನೂರು ವರುಷ ನಡೆಯಿತು.

ಕೇಳುವದಕ್ಕೆ ನ್ಯಾಯವಾಗಿದೆ. ಆದರೆ ಕೋರು ಮಾಡಿದ ಮನೆತನಗಳಿಗೆ ಗೊತ್ತು, ಅರ್ಧವೆಂಬುದು ಎಂದೂ ಅರ್ಧವಾಗಿರುವದಿಲ್ಲ. ಲೆಕ್ಕದ ಪುಸ್ತಕ ಒಡೆಯನ ಕಾರಭಾರಿಯ ಕೈಯಲ್ಲಿ. ಹಬ್ಬಕ್ಕೆ ಕೋಳಿ, ಮೊಟ್ಟೆ ಒಡೆಯನ ಮನೆಗೆ ಮುಟ್ಟಿಸಬೇಕು. ಮನೆಯಲ್ಲಿ ಎಷ್ಟು ಕೈ, ಎಷ್ಟು ಬಾಯಿ ಎಂಬುದು ಒಪ್ಪಂದಕ್ಕೆ ಸಂಬಂಧಪಟ್ಟ ಮಾತಾದುದರಿಂದ ಮನೆಯ ಹುಡುಗನ ಮದುವೆಗೂ ಒಡೆಯನ ಒಪ್ಪಿಗೆ ಬೇಕಾಗುತ್ತಿತ್ತು. ಒಪ್ಪಂದ ಮುರಿದರೆ ಹೊಲದ ಜೊತೆಗೆ ತಲೆಯ ಮೇಲಿನ ಸೂರೂ ಹೋಯಿತು.

ಬೆಳೆಯಲ್ಲಿ ಅರ್ಧ ಹೋಗುವದರಿಂದ ಉಳಿದ ಅರ್ಧದಲ್ಲಿ ವರುಷವಿಡೀ ಬದುಕಬೇಕು. ಆದುದರಿಂದ ಒಂದೇ ಹೊಲದಲ್ಲಿ ಎಲ್ಲವನ್ನೂ ಬೆಳೆಯಬೇಕಾಯಿತು. ಹೊಲದೊಳಗೆ ಮೇಪಲ್ ಜಾತಿಯ ಗಿಡ ನೆಟ್ಟು, ಗಿಡಕ್ಕೆ ದ್ರಾಕ್ಷಿಯ ಬಳ್ಳಿ ಹಬ್ಬಿಸಿ, ಗಿಡದ ಸೊಪ್ಪನ್ನು ಎತ್ತಿಗೆ ಹಾಕಿ, ಸಾಲಿನ ನಡುವೆ ಗೋದಿ, ಅವರೆ, ಅಂಚಿಗೆ ಎಣ್ಣೆಯ ಆಲಿವ್ ಮರ. ನಮ್ಮ ಅಕ್ಕಡಿ ಬೆಳೆಯ ಹಾಗೆಯೇ, ಒಂದು ಕೈಕೊಟ್ಟರೆ ಇನ್ನೊಂದು ಕಾಯಲಿ ಎಂಬ ಲೆಕ್ಕ. ಬಣ್ಣಬಣ್ಣದ ತುಂಡು ಹೊಲಗಳನ್ನು ಕಂಡು ಪ್ರವಾಸಿಯು ಚಿತ್ರದಂತಿದೆ ಎನ್ನುತ್ತಾನೆ. ಆ ಚಿತ್ರವನ್ನು ಬರೆಸಿದ್ದು ಹಸಿವೆ ಎಂಬುದನ್ನು ನಾವು ಮರೆಯಬಾರದು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕೋರಿನ ಒಕ್ಕಲಿಗರು ಸಂಘ ಕಟ್ಟಿ ಎದ್ದು ನಿಂತರು. 1947ರಲ್ಲಿ ಅವರ ಪಾಲು ನೂರಕ್ಕೆ 53 ಆಯಿತು. 1964ರ ಕಾಯದೆಯು ಅದನ್ನು 58ಕ್ಕೆ ಏರಿಸಿ, ಹೊಸದಾಗಿ ಇಂಥ ಒಪ್ಪಂದ ಮಾಡುವದನ್ನೇ ನಿಲ್ಲಿಸಿತು. ಉಳಿದ ಹಳೆಯ ಒಪ್ಪಂದಗಳನ್ನು ಲಾವಣಿಗೆ ತಿರುಗಿಸುವ ಕಾಯದೆ 1982ರಲ್ಲಿ ಬಂದಿತು. ನ್ಯಾಯ ಬಂದಿತು, ಆದರೆ ತಡವಾಗಿ ಬಂದಿತು. ಅಷ್ಟರಲ್ಲಿ ಮಕ್ಕಳು ಗುಡ್ಡ ಇಳಿದಾಗಿತ್ತು. ಪ್ರಾತೋದ ಬಟ್ಟೆಯ ಗಿರಣಿಗಳು, ಪೊಜ್ಜಿಬೋನ್ಸಿಯ ಕಾರಖಾನೆಗಳು, ಫ್ಲಾರೆನ್ಸಿನ ಕೆಲಸಗಳು ತಿಂಗಳ ಕೊನೆಗೆ ಪಗಾರ ಕೊಡುತ್ತಿದ್ದವು. ಮನೆಯಲ್ಲಿ ನಳದ ನೀರು, ವಿದ್ಯುತ್ ದೀಪ ಇದ್ದವು. ಸೊಸೆಯಾಗಿ ಗುಡ್ಡದ ಮನೆಗೆ ಹೋಗಲು ಹುಡುಗಿಯರು ಒಪ್ಪಲೊಲ್ಲರು. 1950 ಮತ್ತು 1960ರ ದಶಕಗಳಲ್ಲಿ ಅರ್ಧದಷ್ಟು ಜನ ಬಿಟ್ಟುಹೋದ ಊರುಗಳು ಆ ಸೀಮೆಯಲ್ಲಿವೆ. ಮಾಡು ಕುಸಿಯಿತು, ಒಡ್ಡು ಜರಿಯಿತು, ಹೊಲಕ್ಕೆ ಕಂಟಿ ಹತ್ತಿತು.

ದೀಪ ಹಚ್ಚದ ಓಣಿಗಳು ನಮ್ಮ ಗಡಿನಾಡಿನ ಹಳ್ಳಿಗಳಲ್ಲಿಯೂ ಇವೆ. ಮುಂಬಯಿ, ಪುಣೆಯ ದಾರಿ ಹಿಡಿದ ಮಕ್ಕಳ ಮನೆಗಳವು. ಆದುದರಿಂದ ಈ ಕಥೆಯನ್ನು ದೂರದ ಕಥೆಯೆಂದು ಓದಬೇಡಿರಿ.

ಹೆಚ್ಚು ಬೆಳೆದು ಕೆಟ್ಟದ್ದು

ಖಾಲಿಯಾದ ಹೊಲಗಳನ್ನು ಒಡೆಯರು ಸುಮ್ಮನೆ ಬಿಡಲಿಲ್ಲ. 1960 ಮತ್ತು 70ರ ದಶಕಗಳಲ್ಲಿ ಯುರೋಪಿನ ಸಮುದಾಯದ ಅನುದಾನ ಸಿಕ್ಕಿತು. ಟ್ರ್ಯಾಕ್ಟರು ಬಂದಿತು. ಟ್ರ್ಯಾಕ್ಟರಿಗೆ ಒಡ್ಡು ಅಡ್ಡಿ. ಎಷ್ಟೋ ಕಡೆ ಅದನ್ನು ದೂಡಿ ಹಾಕಿ, ಇಳಿಜಾರಿಗೆ ಅಡ್ಡಲಾಗಿದ್ದ ಸಾಲುಗಳನ್ನು ಮೇಲಿಂದ ಕೆಳಕ್ಕೆ ನೆಟ್ಟನೆ ಎಳೆದರು. ಮಳೆ ಬಂದಾಗ ಮಣ್ಣು ಸಾಲು ಹಿಡಿದು ಹಳ್ಳಕ್ಕೆ ಇಳಿಯಿತು. ಬಳ್ಳಿಯ ಕಡ್ಡಿಯನ್ನು ಆರಿಸುವಾಗಲೂ ರುಚಿ ನೋಡದೆ ತೂಕ ನೋಡಿದರು. ಹಣ್ಣು ಹೆಚ್ಚಾಯಿತು, ರಸ ತೆಳುವಾಯಿತು. ಹುಲ್ಲಿನ ಹೆಣಿಗೆ ಹಾಕಿದ ದುಂಡು ಸೀಸೆಯಲ್ಲಿ ಅಗ್ಗದ ಪಾನವಾಗಿ ಕಿಯಾಂತಿಯ ಹೆಸರು ಲೋಕವೆಲ್ಲ ಸುತ್ತಿ ಬೆಲೆ ಕಳೆದುಕೊಂಡಿತು. 1985ರ ಜನೇವರಿಯ ಕೊರೆತಕ್ಕೆ ತೊಸ್ಕಾನಾದ ಆಲಿವ್ ಮರಗಳು ಲೆಕ್ಕವಿಲ್ಲದಷ್ಟು ಸತ್ತವು. 1986ರಲ್ಲಿ ಉತ್ತರ ಇಟಲಿಯ ಕೆಲವು ವ್ಯಾಪಾರಿಗಳು ಅಗ್ಗದ ದ್ರಾಕ್ಷಾರಸಕ್ಕೆ ಮೆಥೆನಾಲ್ ಎಂಬ ವಿಷ ಬೆರೆಸಿದ್ದರಿಂದ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ತಪ್ಪು ಮಾಡದ ಕಿಯಾಂತಿಯ ಬೆಳೆಗಾರನೂ ದೇಶದ ಹೆಸರು ಕೆಟ್ಟಿದ್ದರ ದಂಡ ತೆತ್ತನು.

ನಡುವೆ ಒಂದು ಮಾತು. ಅಲ್ಲಿಯ ದ್ರಾಕ್ಷಿ ಮದ್ಯವಾಗುತ್ತದೆ. ನಮ್ಮದು ತಿನ್ನುವ ಹಣ್ಣು ಇಲ್ಲವೆ ಒಣದ್ರಾಕ್ಷಿ. ಕುಡಿತದ ಪ್ರಚಾರಕ್ಕೆ ನಾವು ಹೊರಟಿಲ್ಲ. ಬಳ್ಳಿ ಬೆಳೆಯುವವನ ಕಷ್ಟ ಮತ್ತು ಯುಕ್ತಿ ಎರಡೂ ಕಡೆ ಒಂದೇ ಎಂದು ಈ ಉದಾಹರಣೆ ತೆಗೆದುಕೊಂಡಿದ್ದೇವೆ.

ಕರಿಯ ಹುಂಜದ ಕಥೆ

ದಾರಿಯಲ್ಲಿ ಮುಂದೆ ಪಾಂಝಾನೋ, ಅದರಾಚೆ ಕಾಸ್ತೆಲ್ಲಿನಾ ಬರುತ್ತದೆ. ಕಾಸ್ತೆಲ್ಲಿನಾ ಹಿಂದೆ ಫ್ಲಾರೆನ್ಸಿನ ಗಡಿಯ ಕೋಟೆ. ಗೋಡೆಯ ಒಳಮಗ್ಗುಲಿಗೆ ಕಮಾನು ಮುಚ್ಚಿದ ಓಣಿ ಇನ್ನೂ ಇದೆ. ಅದರಾಚೆ ಫೊಂತೆರುತೋಲಿ ಎಂಬ ಪುಟ್ಟ ಹಳ್ಳಿ. ಇಲ್ಲಿ ಗಾಡಿ ನಿಲ್ಲಿಸಿ ಒಂದು ಕಥೆ ಕೇಳಬೇಕು.

ಫ್ಲಾರೆನ್ಸ್ ಮತ್ತು ಸಿಯೆನಾ ಎಂಬ ಎರಡು ನಗರರಾಜ್ಯಗಳಿಗೆ ಈ ಸೀಮೆಗಾಗಿ ಬಹುಕಾಲ ಜಗಳವಿತ್ತು. ಕೊನೆಗೆ ಒಂದು ಒಪ್ಪಂದವಾಯಿತಂತೆ. ಬೆಳಗಿನ ಕೋಳಿ ಕೂಗುತ್ತಲೇ ಎರಡೂ ನಗರಗಳಿಂದ ಒಬ್ಬೊಬ್ಬ ಸವಾರ ಹೊರಡಬೇಕು. ಇಬ್ಬರೂ ಕೂಡಿದಲ್ಲಿ ಗಡಿಕಲ್ಲು. ಸಿಯೆನಾದವರು ಬಿಳಿಯ ಹುಂಜವನ್ನು ಹೊಟ್ಟೆತುಂಬ ಮೇಯಿಸಿ ಮಲಗಿಸಿದರು. ಫ್ಲಾರೆನ್ಸಿನವರು ಕರಿಯ ಹುಂಜವನ್ನು ಕತ್ತಲೆಯಲ್ಲಿ ಉಪವಾಸ ಕೆಡವಿದರು. ಹಸಿದ ಹುಂಜ ಬೆಳಕು ಹರಿಯುವ ಮೊದಲೇ ಕೂಗಿತು. ಫ್ಲಾರೆನ್ಸಿನ ಸವಾರನು ಫೊಂತೆರುತೋಲಿಯವರೆಗೆ ಬಂದ ಮೇಲೆ ಸಿಯೆನಾದವನು ಎದುರಾದನು. ಹೆಚ್ಚುಕಡಿಮೆ ಇಡೀ ಕಿಯಾಂತಿ ಫ್ಲಾರೆನ್ಸಿನ ಪಾಲಾಯಿತು.

ಇದು ಕಥೆ, ಇತಿಹಾಸವಲ್ಲ. ಆದರೆ ಕರಿಯ ಹುಂಜವು ಅಲ್ಲಿಯ ಊರುಗಳ ಕೂಟದ ಲಾಂಛನವಾಗಿದ್ದುದು ನಿಜ. 1555ರಲ್ಲಿ ಸಿಯೆನಾ ಕೂಡ ಶರಣಾಗಿ ಆ ಗಡಿಯೇ ಅಳಿಸಿಹೋಯಿತು. ಹುಂಜ ಮಾತ್ರ ಉಳಿಯಿತು. 1924ರಲ್ಲಿ 33 ಜನ ಬೆಳೆಗಾರರು ರಾದ್ದಾ ಎಂಬ ಊರಿನಲ್ಲಿ ಕೂಡಿ, ತಮ್ಮ ಮಾಲಿನ ಹೆಸರನ್ನು ಕಾಯುವ ಸಂಘ ಕಟ್ಟಿ, ಅದೇ ಕರಿಯ ಹುಂಜವನ್ನು ಗುರುತಾಗಿ ಇಟ್ಟುಕೊಂಡರು. ಗಡಿಯ ಜಗಳದ ನೆನಪು ಬೆಳೆಗಾರನ ಮುದ್ರೆಯಾಯಿತು. ಗಡಿಯ ಜನರಾದ ನಮಗೆ ಇದಕ್ಕಿಂತ ಚೆನ್ನಾದ ಉಪಯೋಗ ತೋಚದು.

ಊರಿನ ಹೆಸರಿಗೆ ಬೆಲೆಯುಂಟು, ಅದನ್ನು ಕಾಯದೆಯಿಂದ ಕಾಯಬೇಕು ಎಂಬ ವಿಚಾರ ಅಲ್ಲಿ ಹಳೆಯದು. 1716ರಲ್ಲಿಯೇ ತೊಸ್ಕಾನಾದ ಅರಸು ಮೂರನೆಯ ಕೋಸಿಮೋ ಹುಕುಮು ಹೊರಡಿಸಿ, ಇಂತಿಂಥ ಮೇರೆಯೊಳಗೆ ಬೆಳೆದುದು ಮಾತ್ರ ಕಿಯಾಂತಿ ಎಂದು ಗೆರೆ ಎಳೆದನು. ಆದರೆ ಹೆಸರು ಬೆಳೆದಂತೆ ನೆರೆಯವರೂ ಅದನ್ನೇ ಹಾಕಿಕೊಳ್ಳತೊಡಗಿದರು. 1932ರಲ್ಲಿ ಸರಕಾರವೇ ಮೇರೆಯನ್ನು ಬಹಳ ದೂರಕ್ಕೆ ಹಿಗ್ಗಿಸಿತು. ಮೂಲದ ಗುಡ್ಡಗಳವರು ತಮ್ಮದು ಹಳೆಯದೆಂದು ತೋರಿಸಲು "ಕ್ಲಾಸಿಕೋ" ಎಂಬ ಪದ ಸೇರಿಸಿಕೊಳ್ಳಬೇಕಾಯಿತು. 1967ರಲ್ಲಿ ದೇಶದ ಕಾಯದೆಯ ರಕ್ಷಣೆ, 1984ರಲ್ಲಿ ಅದಕ್ಕೂ ಮೇಲಿನ ದರ್ಜೆ, 1996ರಲ್ಲಿ ತಮ್ಮದೇ ಪ್ರತ್ಯೇಕ ನಿಯಮ. ಎಷ್ಟು ವರುಷಗಳ ದುಡಿಮೆ, ನೋಡಿರಿ.

ಆ ನಿಯಮಗಳಲ್ಲಿ ಒಂದನ್ನು ಕೇಳಿದರೆ ನಮ್ಮ ತೋಟಗಾರನು ನಕ್ಕಾನು. ಹೆಕ್ಟೇರಿಗೆ 75 ಕ್ವಿಂಟಲಿಗಿಂತ ಹೆಚ್ಚು ಹಣ್ಣು ಬೆಳೆಯುವಂತಿಲ್ಲ. ಎಂದರೆ ಎಕರೆಗೆ ಮೂರು ಟನ್ನು ಮಾತ್ರ! ನಾವು ಅದರ ಮೂರು ಪಟ್ಟು ಬೆಳೆದೂ ಬೆಲೆ ಸಿಗದೆ ಪೇಟೆಯಲ್ಲಿ ತಲೆಗೆ ಕೈಹೊತ್ತು ಕೂಡ್ರುತ್ತೇವೆ. ಅವರು ಬೆಳೆಯನ್ನು ತಾವೇ ಕಡಿಮೆ ಮಾಡಿಕೊಂಡು, ಬಣ್ಣಕ್ಕೆ ಬಂದ ಗೊನೆಗಳಲ್ಲಿ ಕೆಲವನ್ನು ಕೊಯ್ದು ನೆಲಕ್ಕೆ ಚೆಲ್ಲಿ, ಉಳಿದುದಕ್ಕೆ ಬೆಲೆ ಕಟ್ಟುತ್ತಾರೆ. ಸಾಂಜೊವೇಸೆ ಎಂಬ ಊರ ತಳಿಯು ನೂರಕ್ಕೆ 80 ಪಾಲಾದರೂ ಇರಲೇಬೇಕು. ಹಿಂದೆ ಬಿಳಿಯ ದ್ರಾಕ್ಷಿ ಬೆರೆಸುತ್ತಿದ್ದುದನ್ನು 2006ರಿಂದ ನಿಲ್ಲಿಸಿದರು. 1980ರ ದಶಕದ ಕೊನೆಗೆ ಬೆಳೆಗಾರರ ಸಂಘವೇ ವಿಶ್ವವಿದ್ಯಾಲಯಗಳ ಜೊತೆಗೂಡಿ ಹಳೆಯ ತೋಟಗಳಿಂದ ಒಳ್ಳೆಯ ಕಡ್ಡಿಗಳನ್ನು ಆರಿಸಿ, ಹಲವು ವರುಷ ಪರೀಕ್ಷಿಸಿ, ಹೊಸ ತೋಟಗಳಿಗೆ ಕೊಟ್ಟಿತು. ನಾವು ಅವರಂತೆ ಮೂರು ಟನ್ನಿಗೆ ಇಳಿಯಬೇಕೆಂದು ಹೇಳುತ್ತಿಲ್ಲ; ತಿನ್ನುವ ಹಣ್ಣಿನ ಲೆಕ್ಕ ಬೇರೆ. ತೂಕವೊಂದನ್ನೇ ನಂಬಿದವನನ್ನು ತೂಕವೇ ಮುಳುಗಿಸುತ್ತದೆ ಎಂಬಷ್ಟನ್ನು ಮಾತ್ರ ಅವರಿಂದ ಕಲಿಯೋಣ.

ದಾರಿಯಲ್ಲಿ ಹಿಂದೆ ಬಿಟ್ಟ ಪಾಂಝಾನೋದ ಮಾತೊಂದಿದೆ. ಆ ಊರಿನ ಬೆಳೆಗಾರರು 1995ರಲ್ಲಿ ತಮ್ಮದೇ ಕೂಟ ಕಟ್ಟಿಕೊಂಡರು. ಇಂದು ಅಲ್ಲಿಯ ಬಹುಪಾಲು ತೋಟಗಳು ಸಾವಯವ. ಒಬ್ಬನು ಔಷಧಿ ಬಿಟ್ಟು ನೆರೆಯವನು ಹೊಡೆದರೆ ಫಲವಿಲ್ಲ. ಕೀಡೆಯು ಬಾಂದುಗಲ್ಲು ನೋಡುವದಿಲ್ಲ. ಊರೇ ಕೂಡಿ ನಡೆದುದರಿಂದ ಆ ಕೆಲಸವಾಯಿತು.

ಅತಿಥಿ ಬಂದ ದಾರಿ

ಹೆಸರಿನ ಹಿಂದೆ ನೋಡುವವರೂ ಬಂದರು. ಅವರು ಬಿಡುವ ಹಣ ಯಾರಿಗೆ ಸೇರಬೇಕು? ಇದಕ್ಕೆ ಇಟಲಿಯು 1985ರಲ್ಲಿ ಕಾಯದೆಯಿಂದಲೇ ಉತ್ತರ ಕೊಟ್ಟಿತು. 2006ರಲ್ಲಿ ಅದನ್ನು ಹೊಸದಾಗಿ ಮಾಡಿತು. "ಅಗ್ರಿತುರಿಸ್ಮೊ" ಎಂಬ ಹಲಗೆ ಹಾಕಿ ಅತಿಥಿಗಳನ್ನು ಇಳಿಸಿಕೊಳ್ಳುವ ಹಕ್ಕು ಒಕ್ಕಲುತನ ಮಾಡುವವನಿಗೆ ಮಾತ್ರ. ಹೊಲದಲ್ಲಿ ಮೊದಲಿನಿಂದ ಇದ್ದ ಮನೆ, ಕೊಟ್ಟಿಗೆಗಳನ್ನೇ ಅದಕ್ಕೆ ಬಳಸಬೇಕು. ಅತಿಥಿಗಳಿಗೆ ತನ್ನ ಹೊಲದ ಮತ್ತು ಸೀಮೆಯ ಪದಾರ್ಥವನ್ನೇ ಮುಖ್ಯವಾಗಿ ಬಡಿಸಬೇಕು. ಎಲ್ಲಕ್ಕೂ ಮಿಗಿಲಾಗಿ, ಒಕ್ಕಲುತನವೇ ಮುಖ್ಯ ಉದ್ಯೋಗವಾಗಿ ಉಳಿಯಬೇಕು. ಹೊಲ ಬಿಟ್ಟು ಬರಿಯ ಹೊಟೇಲು ನಡೆಸುವಂತಿಲ್ಲ. ಇಂದು ಇಟಲಿಯಲ್ಲಿ ಇಂಥ ಮನೆಗಳು 25,000ಕ್ಕೂ ಹೆಚ್ಚು. ಕೋರಿನ ಒಕ್ಕಲಿಗನು ಬಿಟ್ಟುಹೋದ ಕಲ್ಲಿನ ಮನೆಗೆ ಮತ್ತೆ ಮಾಡು ಬಂದುದು ಬಹುಮಟ್ಟಿಗೆ ಈ ಆದಾಯದಿಂದ.

ದಾರಿಯ ಬಗ್ಗೆಯೂ ಒಂದು ಪಾಠವಿದೆ. ಹಳ್ಳಿಯಿಂದ ಹಳ್ಳಿಗೆ ಹೋಗುವ ಬಿಳಿಯ ಖಡಿಯ ದಾರಿಗಳನ್ನು ಡಾಂಬರು ಹಾಕಿ ಮುಚ್ಚುವದು ಬೇಡವೆಂದು, 1997ರಲ್ಲಿ ಗಾಯೋಲೆ ಎಂಬ ಊರಿನಲ್ಲಿ ಹಳೆಯ ಕಾಲದ ಸೈಕಲ್ಲುಗಳ ಒಂದು ಓಟ ಆರಂಭಿಸಿದರು. ಅಂದು ನೂರು ಜನರೂ ಇರಲಿಲ್ಲ. ಇಂದು ದೇಶವಿದೇಶಗಳಿಂದ ಸಾವಿರಾರು ಜನ ಬರುತ್ತಾರೆ. ನಮ್ಮ ಕೆಸರಿನ ದಾರಿಗಳು ಹಾಗೆಯೇ ಇರಲೆಂದು ಇದರ ಅರ್ಥವಲ್ಲ. ಬಸುರಿ ಹೆಣ್ಣುಮಗಳನ್ನು ದವಾಖಾನೆಗೆ ಒಯ್ಯಲಾಗದ ದಾರಿಯಲ್ಲಿ ಯಾವ ಚೆಲುವೂ ಇಲ್ಲ. ಆದರೆ ಊರವರು ತಮ್ಮಲ್ಲಿರುವದರ ಬೆಲೆ ತಿಳಿದರೆ ಖಡಿಯ ದಾರಿಯೂ ಅನ್ನ ಕೊಟ್ಟೀತು ಎಂಬುದನ್ನು ಅಲ್ಲಿ ನೋಡಬಹುದು.

ಈ ಚಿತ್ರದ ಹಿಂಬದಿ

ಹೊಗಳಿಕೆಯನ್ನೇ ಬರೆದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಗುಡ್ಡಕ್ಕೆ ಬೆಲೆ ಬಂದಾಗ ಅದರ ಲಾಭ ಹಳೆಯ ಕೋರಿನ ಒಕ್ಕಲಿಗನಿಗೆ ಸೇರಿತೇ? ಕೆಲವರಿಗೆ ಸೇರಿತು, ದುಡ್ಡು ಕೂಡಿಸಿ ತಾವು ದುಡಿದ ಹೊಲವನ್ನೇ ಕೊಂಡವರಿದ್ದಾರೆ. ಆದರೆ ಬಹಳ ಜನ ಅಷ್ಟರೊಳಗೆ ಹೋಗಿಬಿಟ್ಟಿದ್ದರು. ಅವರ ಮನೆಗಳನ್ನು ಇಂಗ್ಲಿಷರು, ಜರ್ಮನರು, ಮಿಲಾನಿನ ಶ್ರೀಮಂತರು ಕೊಂಡರು. ಇಂಗ್ಲಿಷ್ ಜಿಲ್ಲೆಗಳ ಹೆಸರಿನ ಬಾಲ ಜೋಡಿಸಿ "ಕಿಯಾಂತಿಶೈರ್" ಎಂದು ನಗೆಯಾಡುವಷ್ಟು ಪರದೇಶದವರು ಅಲ್ಲಿ ನೆಲೆಸಿದರು. ದಿನ್ನೆಯ ಮೇಲಿನ ಮನೆಯಲ್ಲಿ ಹುಟ್ಟಿದ ಮುದುಕನು ಇಂದು ಅದೇ ಮನೆಯನ್ನು ಕೆಳಗಿನ ಊರಿನ ಬಾಡಿಗೆಯ ಕೋಣೆಯ ಕಿಟಕಿಯಿಂದ ನೋಡಬೇಕಾದ ಕಾಲ.

ಕೂಲಿಯ ಮಾತೂ ಇದೆ. ಇಟಲಿಯ ಹೊಲ ತೋಟಗಳಲ್ಲಿ ಇಂದು ಚಾಟನಿ ಮಾಡುವ, ಹಣ್ಣು ಕೊಯ್ಯುವ ಕೈಗಳಲ್ಲಿ ಬಹಳಷ್ಟು ಪರದೇಶದ ಬಡವರವು. ರುಮೇನಿಯಾ, ಅಲ್ಬೇನಿಯಾ, ಆಫ್ರಿಕಾದವರು, ನಮ್ಮ ಪಂಜಾಬಿನವರು ಸಹ. ಕಬ್ಬಿನ ಹಂಗಾಮಿಗೆ ಟೋಳಿ ಒಯ್ಯುವ ಮುಕಾದಮರನ್ನು ನಾವು ಬಲ್ಲೆವು. ಅಲ್ಲಿಯೂ ಅಂಥವರುಂಟು, "ಕಪೊರಾಲೆ" ಎನ್ನುತ್ತಾರೆ. ಕೂಲಿಯಲ್ಲಿ ಮುರಿದುಕೊಳ್ಳುವದು, ಕಾಗದಪತ್ರವಿಲ್ಲದವನನ್ನು ಹೆದರಿಸಿ ದುಡಿಸುವದು ಅವರ ಉದ್ಯೋಗ. ಅದನ್ನು ತಡೆಯಲು 2016ರಲ್ಲಿ ಕಠಿಣ ಕಾಯದೆಯಾಯಿತು. ಹೀಗಿದ್ದೂ 2024ರ ಜೂನ ತಿಂಗಳಲ್ಲಿ, ಈ ಗುಡ್ಡಗಳಿಂದ ದೂರ, ರೋಮ್ ನಗರದ ದಕ್ಷಿಣಕ್ಕಿರುವ ಲಾತೀನಾ ಪ್ರಾಂತದಲ್ಲಿ ಒಬ್ಬ ಭಾರತೀಯ ಕೂಲಿಯ ತೋಳು ಹೊಲದ ಯಂತ್ರಕ್ಕೆ ಸಿಕ್ಕು ಕಡಿದುಹೋಯಿತು. ಅವನನ್ನು ಆಸ್ಪತ್ರೆಗೆ ಒಯ್ಯದೆ ಅವನ ಬಿಡಾರದ ಮುಂದೆ ಬಿಟ್ಟುಹೋದರು. ಅವನು ಬದುಕಲಿಲ್ಲ. ಇಡೀ ಇಟಲಿ ನಾಚಿಕೊಂಡಿತು, ಕೂಲಿಗಾರರು ಬೀದಿಗಿಳಿದರು. ಹಿಂದೆ ಕೋರಿನವನ ಬೆವರು ಚೆಲುವಿನ ಹಿಂದೆ ಮರೆಯಾಗಿತ್ತು. ಇಂದು ಪರದೇಶಿ ಕೂಲಿಯದು ಮರೆಯಾಗಿದೆ.

ನಮ್ಮ ಅಭಿಪ್ರಾಯ

ಸಿಯೆನಾದ ಬಾಗಿಲು ಹತ್ತಿರ ಬಂದಿತು. ಒಳಗೆ ಹೋಗುವ ಮೊದಲು ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ.

ಮೊದಲನೆಯದು ಹೆಸರಿನ ಮಾತು. ಮಂಗಳವೇಢೆಯ ಜೋಳ, ಸೋಲಾಪುರದ ದಾಳಿಂಬೆ, ಸಾಂಗಲಿಯ ಒಣದ್ರಾಕ್ಷಿ ಇವು 2016ರಲ್ಲಿ ನಮ್ಮ ದೇಶದ ಕಾಯದೆಯಂತೆ ಊರ ಹೆಸರಿನ ನೋಂದಣಿ ಪಡೆದವು. ಇದು ಒಳ್ಳೆಯದಾಯಿತು. ಆದರೆ ನೋಂದಣಿಯ ಕಾಗದ ಕಚೇರಿಯ ಗೋಡೆಗೆ ತೂಗಿದರೆ ಬೆಳೆಗಾರನಿಗೆ ಕವಡೆ ಕೂಡ ಬರುವದಿಲ್ಲ. ಪ್ರತಿಯೊಬ್ಬ ಬೆಳೆಗಾರನೂ ಆ ಹೆಸರನ್ನು ಬಳಸುವ ಅಧಿಕೃತ ಹಕ್ಕಿಗೆ ತನ್ನ ಹೆಸರು ಬರೆಸಿಕೊಳ್ಳಬೇಕು. ಬೇರೆ ಕಡೆಯ ಮಾಲು ಬೆರೆಸುವವನನ್ನು ಹಿಡಿಯುವ ಸಂಘ ಬೇಕು. ಸಂಘಕ್ಕಿಂತ ಮೊದಲು, ನಾನು ಬೆರೆಸಲಾರೆ ಎಂಬ ಹಟ ಬೇಕು. 33 ಜನರಿಂದ ಕರಿಯ ಹುಂಜದ ಸಂಘ ಹುಟ್ಟಿತೆಂಬುದನ್ನು ನೆನಪಿಡಿರಿ. ಒಂದು ಊರಿನಲ್ಲಿ ಅಷ್ಟು ಜನ ಸಿಗದೆ ಇರಲಾರರು.

ಎರಡನೆಯದು ಒಡ್ಡು. ಗುಡ್ಡದ ಒಡ್ಡು ಮೇಲಿನವನ ಖರ್ಚು, ಕೆಳಗಿನವನ ಲಾಭ, ನೋಡುವವನ ಸಂತೋಷ. ಖರ್ಚು ಒಬ್ಬನ ತಲೆಗೆ, ಲಾಭ ಹತ್ತು ಜನಕ್ಕೆ ಆದರೆ ಒಡ್ಡು ಬಹಳ ದಿನ ನಿಲ್ಲುವದಿಲ್ಲ. ಯುರೋಪಿನಲ್ಲಿ ಒಡ್ಡು ತಿದ್ದುವದಕ್ಕೆ ಸಾರ್ವಜನಿಕ ಹಣ ಕೊಡುತ್ತಾರೆ. ನಮ್ಮ ಸರಕಾರವೂ ಹೊಸ ಒಡ್ಡಿಗೆ ಕೊಟ್ಟಂತೆ ಹಳೆಯ ಒಡ್ಡನ್ನು ಕಾಯುವವನಿಗೂ ಕೊಡಬೇಕು.

ಮೂರನೆಯದು ಅತಿಥಿ. ಮಹಾರಾಷ್ಟ್ರ ಸರಕಾರವು 2020ರಲ್ಲಿ ಕೃಷಿ ಪ್ರವಾಸದ ಧೋರಣೆಯನ್ನು ಹೊರಡಿಸಿತು. ನಗರದವರು ಹೊಲ ನೋಡಲು ಬಂದರೆ ಬರಲಿ. ಜೋಳದ ರೊಟ್ಟಿ, ಹಿಂಡಿ, ಎಣ್ಣೆಗಾಯಿ ಉಂಡು ಹಣ ಕೊಟ್ಟು ಹೋಗಲಿ. ಆದರೆ ಹೊಲ ಮಾರಿ, ಕೊಂಡವನ ಹೊಟೇಲಿನ ಬಾಗಿಲಲ್ಲಿ ಕಾವಲುಗಾರನಾಗಿ ನಿಲ್ಲುವ ದಾರಿ ನಮಗೆ ಬೇಡ. ನೆಲದ ಮೇಲೆ ಹಕ್ಕಿದ್ದವನಿಗೇ ನೋಟದ ಆದಾಯವೂ ಸೇರಬೇಕು.

ನಾಲ್ಕನೆಯದು ಕೂಲಿ. ಒಳ್ಳೆಯ ಬೆಲೆ ಬಂದಾಗ ಚಾಟನಿಯ ಆಳಿಗೂ ಅದರ ಪಾಲು ಸಿಗದಿದ್ದರೆ, ಕಾರಭಾರಿಯ ಲೆಕ್ಕದ ಪುಸ್ತಕ ಕೈ ಬದಲಾಯಿಸಿ ನಮ್ಮ ಕೈಗೆ ಬಂದಿತೆಂದು ತಿಳಿಯಬೇಕು.

ಇನ್ನು ಸಿಯೆನಾದ ಒಳಗೆ ಬನ್ನಿರಿ. ನಗರದ ಚಾವಡಿಯ ಅರಮನೆಯಲ್ಲಿ ಒಂದು ಕೋಣೆಯಿದೆ. ಹಿಂದೆ ಒಂಬತ್ತು ಜನ ಪಂಚರು ಅಲ್ಲಿ ಕುಳಿತು ರಾಜ್ಯಭಾರ ಮಾಡುತ್ತಿದ್ದರು. ಆ ಕೋಣೆಯ ಗೋಡೆಗಳ ಮೇಲೆ 1338-39ರಲ್ಲಿ ಅಂಬ್ರೋಜೋ ಲೊರೆಂಝೆತ್ತಿ ಎಂಬ ಚಿತ್ರಗಾರನು ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತಗಳನ್ನು ಬರೆದಿದ್ದಾನೆ. ಒಳ್ಳೆಯದರ ಕಡೆಗೆ ನಗರದ ಬಾಗಿಲು ತೆರೆದಿದೆ. ಹೊರಗೆ ನಾವು ಈಗ ದಾಟಿ ಬಂದಂಥ ಗುಡ್ಡಗಳೇ. ಒಬ್ಬನು ಹಂದಿ ಹೊಡೆದುಕೊಂಡು ಪೇಟೆಗೆ ಬರುತ್ತಿದ್ದಾನೆ, ಹೇರು ಹೊತ್ತ ಪ್ರಾಣಿಗಳು ಬರುತ್ತಿವೆ, ಶ್ರೀಮಂತರು ಕುದುರೆಯೇರಿ ಹೊರಟಿದ್ದಾರೆ, ಹೊಲದಲ್ಲಿ ಕೊಯ್ಲು ನಡೆದಿದೆ, ಕಣದಲ್ಲಿ ಬಡಿಯುತ್ತಿದ್ದಾರೆ, ಇಳಿಜಾರಿನಲ್ಲಿ ದ್ರಾಕ್ಷಿಯ ತೋಟ. ಎದುರಿನ ಗೋಡೆಯ ಮೇಲೆ ಕೆಟ್ಟ ಆಡಳಿತ. ಅಲ್ಲಿ ಅದೇ ನೆಲ ಬೀಳುಬಿದ್ದಿದೆ, ಊರು ಸುಡುತ್ತಿದೆ, ಸಿಪಾಯಿಗಳಲ್ಲದೆ ದಾರಿಯಲ್ಲಿ ಯಾರೂ ನಡೆಯುವದಿಲ್ಲ.

ಗುಡ್ಡ ಎರಡೂ ಕಡೆಗೆ ಒಂದೇ. ಒಂದು ಕಡೆ ಒಕ್ಕಲಿಗನಿದ್ದಾನೆ, ಇನ್ನೊಂದು ಕಡೆ ಇಲ್ಲ. ತೀರ್ಮಾನ ಮಾಡುವ ಪಂಚರ ಕಣ್ಣೆದುರಿಗೆ ಈ ಎರಡು ಗೋಡೆಗಳಿದ್ದವು. ನಮ್ಮ ಪಂಚಾಯತಿ, ಸಹಕಾರಿ ಸಂಘ, ಮಾರುಕಟ್ಟೆಯ ಸಮಿತಿಗಳಲ್ಲಿ ಕುಳಿತವರಿಗೆ ಅಂಥ ಚಿತ್ರ ಬೇಕಾಗಿಲ್ಲ. ಕಿಟಕಿ ತೆರೆದು ಹೊರಗಿನ ಹೊಲವನ್ನು ನೋಡಿದರೆ ಸಾಕು, ತಾವು ಯಾವ ಗೋಡೆಯ ಚಿತ್ರ ಬರೆಯುತ್ತಿದ್ದೇವೆಂದು ಗೊತ್ತಾಗುತ್ತದೆ.